ಜನಮತಗಣನೆಯ ತೀರ್ಪನ್ನು ಮಗುಚಬಹುದೇ? ಉತ್ತರ ಕಂಡುಕೊಳ್ಳುವ ಬಗೆ

ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಮಹಡಿಗೆ ಬರುವ ಹುಡುಗ ಹುಡುಗಿಯರಲ್ಲಿ ಅರ್ಧದಷ್ಟು ಜನ ಕೆಎಎಸ್ ಪರೀಕ್ಷೆಗೆ ಓದುವವರು. ಉಳಿದವರು ಚರ್ಚಾಸ್ಪರ್ಧೆಯ ಹುಚ್ಚು ಹತ್ತಿಸಿಕೊಂಡವರು. ಜಗಳೂರು, ಚನ್ನಗಿರಿ, ಹರಪನಹಳ್ಳಿಗಳಿಂದ ಮೊದಲ ಬಸ್ಸಿಗೇ ಹೊರಟು ಬರುತ್ತಾರೆ. ನಿವೃತ್ತಿಯಾದ ಮೇಲೂ ಈ ಮೇಡಂಗೆ ಪಾಠದ ಚಟ ಬಿಟ್ಟಿಲ್ಲ ಎಂದು ಮನೆಯವರು ರೇಗಿಸುತ್ತಾರೆ, ರೇಗಿಸಲಿ. ಎರಡೂ ಗುಂಪಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ: ದೇಶವೊಂದು ತನ್ನ ಜನಮತಗಣನೆಯಲ್ಲಿ, ಅಂದರೆ ಒಂದು ಪ್ರಶ್ನೆಯನ್ನು ನೇರವಾಗಿ ಜನರ ಮುಂದಿಟ್ಟು ನಡೆಸಿದ ಮತದಾನದಲ್ಲಿ, ಬಂದ ತೀರ್ಪನ್ನು ಹಿಂತೆಗೆದುಕೊಳ್ಳಬಹುದೇ?

"ಜನರ ತೀರ್ಪೇ ಅಂತಿಮ" ಎಂದು ಒಬ್ಬ ಮೇಜು ಕುಟ್ಟುತ್ತಾನೆ. "ಸಂಸತ್ತು ಸಾರ್ವಭೌಮ, ಏನು ಬೇಕಾದರೂ ಮಾಡಬಹುದು" ಎಂದು ಇನ್ನೊಬ್ಬಳು ಎದ್ದು ನಿಲ್ಲುತ್ತಾಳೆ. ಇಬ್ಬರೂ ಸಂಬಂಧಪಟ್ಟ ಕಾಯ್ದೆಯ ಒಂದು ಪುಟವನ್ನೂ ತೆರೆದಿರುವುದಿಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುಚಬಹುದು, ಹಲವು ದೇಶಗಳು ಮಗುಚಿವೆ. ಆದರೆ ಹಾಗೆ ಮಗುಚಿದ್ದು ದಕ್ಕುತ್ತದೆಯೇ ಎಂಬುದು, ಯಾರು ಯಾವ ದಾರಿಯಲ್ಲಿ ಮಗುಚಿದರು ಎಂಬುದನ್ನು ಅವಲಂಬಿಸಿದೆ. ಯಾವ ದೇಶದ ಪ್ರಕರಣ ಕೈಗೆ ಬಂದರೂ ನಾನು ನೋಡುವ ಕ್ರಮ ಇದು.

ಮತದಾನ ನಡೆಸಿದ ಕಾಯ್ದೆಯನ್ನು ತೆರೆಯಿರಿ

ಪತ್ರಿಕೆಯ ಸುದ್ದಿ ಆಮೇಲೆ, ಟಿವಿ ಚರ್ಚೆ ಬೇಡವೇ ಬೇಡ. ಮೊದಲು ಕಾಯ್ದೆ. ಬ್ರಿಟನ್ನಿನ ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಈ ಹೆಜ್ಜೆ ಜನ್ಮಕ್ಕೆ ಮರೆಯುವುದಿಲ್ಲ.

2011ರ ಮೇ 5ರಂದು ಅಲ್ಲಿ ಚುನಾವಣಾ ಪದ್ಧತಿಯನ್ನು ಬದಲಿಸಬೇಕೇ ಎಂದು ಜನರನ್ನು ಕೇಳಿದರು. ಅದಕ್ಕೆಂದು ಮಾಡಿದ ಕಾಯ್ದೆಯಲ್ಲೇ ಒಂದು ಸೆಕ್ಷನ್ ಇತ್ತು: 'ಹೌದು' ಎಂಬ ಮತ ಹೆಚ್ಚಾದರೆ ಹೊಸ ಪದ್ಧತಿಯನ್ನು ಜಾರಿಗೊಳಿಸುವ ಆದೇಶವನ್ನು ಸಚಿವರು ಹೊರಡಿಸಲೇಬೇಕು. ಜನ ಬೇಡ ಎಂದರು, ಮಾತು ಅಲ್ಲಿಗೇ ಮುಗಿಯಿತು. ಐದು ವರ್ಷ ಕಳೆದು 2016ರ ಜೂನ್ 23ರಂದು ಐರೋಪ್ಯ ಒಕ್ಕೂಟದಲ್ಲಿ ಇರಬೇಕೇ, ಬಿಡಬೇಕೇ ಎಂದು ಕೇಳಿದಾಗ ಆಧಾರವಾಗಿದ್ದುದು 2015ರ ಕಾಯ್ದೆ. ಅದರಲ್ಲಿ ಯಾರು ಮತ ಹಾಕಬಹುದು, ಪ್ರಶ್ನೆಯ ಒಕ್ಕಣೆ ಏನು, ಪ್ರಚಾರಕ್ಕೆ ಎಷ್ಟು ಖರ್ಚು ಮಾಡಬಹುದು ಎಲ್ಲವೂ ಇತ್ತು. ಫಲಿತಾಂಶ ಬಂದ ಮೇಲೆ ಸರ್ಕಾರ ಏನು ಮಾಡಬೇಕು ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಅದೇ ಹೊತ್ತಿಗೆ ಸರ್ಕಾರ ಮನೆಮನೆಗೆ ಹಂಚಿದ ಕರಪತ್ರದಲ್ಲಿ, ತೀರ್ಮಾನ ನಿಮ್ಮದು, ನೀವು ಹೇಳಿದ್ದನ್ನು ನಾವು ಜಾರಿಗೊಳಿಸುತ್ತೇವೆ ಎಂಬ ಮಾತು ಅಚ್ಚಾಗಿತ್ತು. ಕಾಯ್ದೆ ಕಟ್ಟಿಹಾಕದೆ ಬಿಟ್ಟ ಕೈಯನ್ನು ಕರಪತ್ರ ಕಟ್ಟಿಹಾಕಿತು.

ಬಿಡಬೇಕು ಎಂದವರು ಶೇ 51.9, ಇರಬೇಕು ಎಂದವರು ಶೇ 48.1. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2017ರ ಜನವರಿ 24ರಂದು ಹನ್ನೊಂದು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ, ಸಂಸತ್ತು ಹೊಸ ಕಾಯ್ದೆ ಮಾಡಿ ಅನುಮತಿ ಕೊಡದ ಹೊರತು ಸರ್ಕಾರ ತಾನಾಗಿ ಒಕ್ಕೂಟ ಬಿಡುವ ನೋಟಿಸ್ ಕೊಡುವಂತಿಲ್ಲ ಎಂದರು. ಜನಮತಗಣನೆಯ ರಾಜಕೀಯ ತೂಕ ದೊಡ್ಡದೇ. ಅದರ ಕಾನೂನಿನ ಬಲ ಎಷ್ಟೆಂದು ಅದನ್ನು ನಡೆಸಿದ ಕಾಯ್ದೆಯೇ ಹೇಳಬೇಕು ಎಂಬುದು ಆ ತೀರ್ಪಿನ ಸಾರ. ಹಾಗಾಗಿ ನೋಟ್ ಪುಸ್ತಕದಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಕಾಯ್ದೆ ಏನು ಹೇಳಿತು, ಇನ್ನೊಂದರಲ್ಲಿ ನಾಯಕರು ಏನು ಹೇಳಿದರು. ಪರೀಕ್ಷೆಯಲ್ಲಿ ಅಂಕ ಹೋಗುವುದು ಈ ಎರಡನ್ನು ಕಲಸಿದಾಗ.

ತೀರ್ಪು ಎಲ್ಲಿ ಬರೆದಿದೆ ನೋಡಿ

ಕೆಲವು ದೇಶಗಳಲ್ಲಿ ಜನಮತಗಣನೆಯ ಫಲ ನೇರವಾಗಿ ಸಂವಿಧಾನದೊಳಗೆ ಹೋಗಿ ಕೂರುತ್ತದೆ. ಐರ್ಲೆಂಡಿನಲ್ಲಿ ಸಂವಿಧಾನದ ಒಂದು ಪದವನ್ನು ಬದಲಿಸಲೂ ಜನಮತಗಣನೆ ಆಗಲೇಬೇಕು. ಜನ ಒಳಗೆ ಇಟ್ಟದ್ದನ್ನು ಜನರೇ ಹೊರಗೆ ತೆಗೆಯಬೇಕು, ಸಂಸತ್ತಿನ ಕೈಯಲ್ಲಿ ಆ ಬೀಗದ ಕೈ ಇಲ್ಲ. ಆಸ್ಟ್ರೇಲಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲೂ ಸಂವಿಧಾನ ಬದಲಾಗಬೇಕಾದರೆ ಜನರ ಮತ ಬೇಕೇ ಬೇಕು. ಬರೀ ಸಲಹೆ ಕೇಳುವ ದೇಶಗಳೂ ಇವೆ. ಅಲ್ಲಿ ಸಂಸತ್ತು ಕಾನೂನಿನ ಮಟ್ಟಿಗೆ ಸ್ವತಂತ್ರ.

ಸ್ವೀಡನ್ ಈ ಎರಡನೇ ಬಗೆಯದು, ನನಗೆ ಬಹಳ ಪ್ರಿಯವಾದ ಉದಾಹರಣೆ. ಅಲ್ಲಿ ನಮ್ಮ ಹಾಗೆಯೇ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುತ್ತಿದ್ದರು. ಅಕ್ಕಪಕ್ಕದ ನಾರ್ವೆ, ಫಿನ್ಲೆಂಡ್‌ಗಳಲ್ಲಿ ಬಲಬದಿ. 1955ರಲ್ಲಿ, ನಾವೂ ಬಲಕ್ಕೆ ಹೋಗೋಣವೇ ಎಂದು ಕೇಳಿದಾಗ ಮತ ಹಾಕಿದವರಲ್ಲಿ ಶೇ 82.9ರಷ್ಟು ಜನ ಬೇಡ ಎಂದರು. ಇದಕ್ಕಿಂತ ಖಚಿತವಾದ ತೀರ್ಪು ಬೇಕೇ? 1963ರಲ್ಲಿ ಸಂಸತ್ತು ಬಲಬದಿಯೇ ಸರಿ ಎಂದು ನಿರ್ಧರಿಸಿತು. 1967ರ ಸೆಪ್ಟೆಂಬರ್ 3, ಭಾನುವಾರ, ನಸುಕಿನ 4 ಗಂಟೆ 50 ನಿಮಿಷಕ್ಕೆ ರಸ್ತೆಯ ಮೇಲಿದ್ದ ಪ್ರತಿಯೊಂದು ವಾಹನವೂ ನಿಲ್ಲಬೇಕು, ನಿಧಾನವಾಗಿ ಬಲಬದಿಗೆ ದಾಟಬೇಕು, ಮತ್ತೆ ನಿಲ್ಲಬೇಕು. 5 ಗಂಟೆ ಹೊಡೆದ ಮೇಲೆಯೇ ಮುಂದೆ ಹೋಗಬೇಕು. ನಮ್ಮ ಪಿ.ಬಿ. ರಸ್ತೆಯಲ್ಲಿ ಇದನ್ನು ಊಹಿಸಿಕೊಳ್ಳಿ ಎಂದರೆ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಅಷ್ಟು ದೊಡ್ಡ ಬಹುಮತವನ್ನು ದಾಟಿ ಹೋದರೂ ದೇಶ ಹೊತ್ತಿ ಉರಿಯಲಿಲ್ಲ. ಕದ್ದು ಮುಚ್ಚಿ ಮಾಡಲಿಲ್ಲ, ವರ್ಷಗಟ್ಟಲೆ ಸಿದ್ಧತೆ ನಡೆಸಿ ಎಲ್ಲರ ಕಣ್ಣೆದುರೇ ಮಾಡಿದರು ಎಂಬುದೇ ನನಗೆ ತೋರುವ ಕಾರಣ.

ಗಡಿ ದಾಟಿದೆಯೋ ಇಲ್ಲವೋ

ಕಾನೂನಿನಲ್ಲಿ ಅವಕಾಶವಿದ್ದರೂ ಹೊತ್ತು ಮೀರಿರಬಹುದು. ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತಂದ ರೈತ ಟೆಂಡರಿನ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನಬಹುದು. ತೂಕವಾಗಿ ಲಾರಿ ಹೊರಟ ಮೇಲೆ ಎನ್ನಲಾಗುವುದಿಲ್ಲ. ಬ್ರಿಟನ್ ಒಕ್ಕೂಟಕ್ಕೆ ನೋಟಿಸ್ ಕೊಟ್ಟಿದ್ದು 2017ರ ಮಾರ್ಚ್ 29ರಂದು. ಕೊಟ್ಟ ನೋಟಿಸನ್ನು ವಾಪಸ್ ಪಡೆಯಬಹುದೇ ಎಂಬ ಪ್ರಶ್ನೆ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. ಬ್ರಿಟನ್ ಯಾರ ಒಪ್ಪಿಗೆಯೂ ಇಲ್ಲದೆ ತಾನೊಬ್ಬನೇ ಹಿಂತೆಗೆದುಕೊಳ್ಳಬಹುದು, ಆದರೆ ಹೊರಹೋಗುವ ಒಪ್ಪಂದ ಜಾರಿಯಾಗುವ ಮೊದಲು ಎಂದು 2018ರ ಡಿಸೆಂಬರ್ 10ರಂದು ನ್ಯಾಯಾಲಯ ಹೇಳಿತು. ಅಂದರೆ ಬಾಗಿಲು ಪೂರ್ತಿ ತೆರೆದೇ ಇತ್ತು. 2020ರ ಜನವರಿ 31ರ ರಾತ್ರಿ ಮುಚ್ಚಿತು. ಈಗ ಬ್ರಿಟನ್ ಮತ್ತೆ ಸೇರಬೇಕಾದರೆ ಹೊಸ ದೇಶದಂತೆ ಅರ್ಜಿ ಹಾಕಬೇಕು, ಒಕ್ಕೂಟದ ಪ್ರತಿಯೊಂದು ದೇಶವೂ ಒಪ್ಪಬೇಕು. ಅದನ್ನು ಹಿಂತೆಗೆತ ಎನ್ನಲು ಬರುವುದಿಲ್ಲ, ಹೊಸ ನಿರ್ಧಾರ ಎನ್ನಬೇಕು. ದಿನಾಂಕಗಳನ್ನು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ, ಆದರೆ ಈ ಮೂರು ದಿನಾಂಕ ಗೊತ್ತಿಲ್ಲದವರು ಈ ವಿಷಯದ ಮೇಲೆ ಬಾಯಿ ತೆರೆಯಬಾರದು.

ಮಗುಚಿದ ದಾರಿ ಯಾವುದು

ಇದೇ ಮುಖ್ಯ ಹೆಜ್ಜೆ, ಇಲ್ಲಿ ಅವಸರ ಬೇಡ.

ಅತ್ಯಂತ ನೇರವಾದ ದಾರಿ ಅದೇ ಜನರನ್ನು ಮತ್ತೆ ಕೇಳುವುದು. ಡೆನ್ಮಾರ್ಕ್ 1992ರ ಜೂನ್‌ನಲ್ಲಿ, ಐರೋಪ್ಯ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇ 50.7 ಮತಗಳಿಂದ ತಿರಸ್ಕರಿಸಿತು. ಆ ವರ್ಷದ ಕೊನೆಗೆ ಎಡಿನ್‌ಬರೋದಲ್ಲಿ ನಡೆದ ಐರೋಪ್ಯ ನಾಯಕರ ಸಭೆಯಲ್ಲಿ ಡೆನ್ಮಾರ್ಕಿಗೆ ನಾಲ್ಕು ವಿನಾಯಿತಿಗಳು ಸಿಕ್ಕವು. 1993ರ ಮೇ ತಿಂಗಳಲ್ಲಿ ಮತ್ತೆ ಕೇಳಿದಾಗ ಶೇ 56.7ರಷ್ಟು ಜನ ಒಪ್ಪಿದರು. ಐರ್ಲೆಂಡ್ ಒಕ್ಕೂಟದ ಮುಂದಿನ ಒಪ್ಪಂದಗಳ ವಿಷಯದಲ್ಲಿ ಇಂಥದ್ದನ್ನು ಎರಡು ಸಲ ಮಾಡಿತು: ನೀಸ್ ಒಪ್ಪಂದಕ್ಕೆ 2001ರಲ್ಲಿ ಬೇಡ, 2002ರಲ್ಲಿ ಹೌದು, ಲಿಸ್ಬನ್ ಒಪ್ಪಂದಕ್ಕೆ 2008ರಲ್ಲಿ ಬೇಡ, 2009ರಲ್ಲಿ ಹೌದು. ಬೇಕಾದ ಉತ್ತರ ಬರುವ ತನಕ ಕೇಳುತ್ತಲೇ ಇರುತ್ತಾರೆ ಎಂದು ಟೀಕೆ ಮಾಡುವವರಿದ್ದಾರೆ. ಟೀಕೆಯನ್ನು ಹಾಗೇ ನುಂಗಬೇಡಿ, ಹಾಗೇ ತಳ್ಳಿಹಾಕಲೂ ಬೇಡಿ. ಎರಡು ಸಂಗತಿ ಪರೀಕ್ಷಿಸಿ. ಎರಡನೇ ಸಲ ಕೇಳುವಾಗ ಜನರ ಮುಂದಿಟ್ಟದ್ದು ಅದೇ ಸರಕೇ, ಬದಲಾದ ಸರಕೇ? ಮತಗಟ್ಟೆಗೆ ಬಂದವರು ಹೆಚ್ಚಾದರೇ, ಕಡಿಮೆಯಾದರೇ? ನೀಸ್ ವಿಷಯದಲ್ಲಿ ಮೊದಲ ಸಲ ಶೇ 35ರಷ್ಟು ಮಾತ್ರ ಬಂದಿದ್ದರು, ಎರಡನೇ ಸಲ ಸುಮಾರು ಅರ್ಧದಷ್ಟು ಮತದಾರರು ಬಂದರು. ಬದಲಾದ ಸರಕು, ಹೆಚ್ಚಿದ ಮತದಾನ ಎರಡೂ ಇದ್ದರೆ ಆ ಮರುಮತದಾನಕ್ಕೆ ನನ್ನ ಪಟ್ಟಿಯಲ್ಲಿ ಪೂರ್ಣ ಅಂಕ.

ವರ್ಷಗಳು ಉರುಳಿ ತಲೆಮಾರು ಬದಲಾದ ಮೇಲೆ ಕೇಳುವುದು ಬೇರೆಯದೇ ಜಾತಿ. 1983ರಲ್ಲಿ ಐರ್ಲೆಂಡಿನ ಜನ ಗರ್ಭಪಾತವನ್ನು ಬಹುತೇಕ ನಿಷೇಧಿಸುವ ಎಂಟನೇ ತಿದ್ದುಪಡಿಯನ್ನು ಶೇ 66.9 ಮತಗಳಿಂದ ಸಂವಿಧಾನಕ್ಕೆ ಸೇರಿಸಿದರು. 2012ರ ಅಕ್ಟೋಬರ್ 28ರಂದು ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ತೀರಿಕೊಂಡರು. ಹದಿನೇಳು ವಾರದ ಗರ್ಭ ನಿಲ್ಲುವುದಿಲ್ಲವೆಂದು ಗೊತ್ತಾಗಿತ್ತು, ಗರ್ಭಪಾತ ಮಾಡಿ ಎಂದು ಕೇಳಿಕೊಂಡಿದ್ದರು, ಭ್ರೂಣದ ಹೃದಯಬಡಿತವಿದೆಯೆಂದು ಮಾಡಲಿಲ್ಲ, ನಂಜು ಏರಿತು. ಆಗ ಅವರಿಗೆ 31 ವರ್ಷ. ಬೀದಿಗಿಳಿದ ಐರಿಷ್ ಹೆಂಗಸರ ಕೈಯಲ್ಲಿ ನಮ್ಮ ಕಡೆಯ ಹೆಣ್ಣುಮಗಳ ಫೋಟೊ ಇತ್ತು. 2018ರ ಮೇ 25ರಂದು ಶೇ 66.4ರಷ್ಟು ಜನ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಆ ದಿನಗಳಲ್ಲಿ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಸವಿತಾ ಚಿತ್ರಕ್ಕೆ ಜನ ಚೀಟಿಗಳನ್ನು ಅಂಟಿಸಿ ಹೋದರು. 66.9 ಮತ್ತು 66.4, ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ನಾನು ಸುಮ್ಮನಾಗುತ್ತೇನೆ. ಹುಡುಗಿಯರು ತಾವಾಗಿ ಮಾತಾಡುತ್ತಾರೆ.

ಅದೇ ಐರ್ಲೆಂಡಿನಲ್ಲಿ ವಿಚ್ಛೇದನಕ್ಕೆ 1986ರಲ್ಲಿ ಬೇಡವೆಂದರು, 1995ರಲ್ಲಿ 9,114 ಮತಗಳ ಅಂತರದಲ್ಲಿ ಹೌದೆಂದರು. ನಾರ್ವೆ 1919ರಲ್ಲಿ ಪಾನನಿಷೇಧಕ್ಕೆ ಮತ ಹಾಕಿ 1926ರಲ್ಲಿ ಅದನ್ನು ತೆಗೆದುಹಾಕಲು ಮತ ಹಾಕಿತು. ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಕೊಡಬೇಕೇ ಎಂದು 1959ರಲ್ಲಿ ಕೇಳಿದರು. ಕೇಳಿದ್ದು ಯಾರನ್ನು? ಗಂಡಸರನ್ನು. ಮೂರರಲ್ಲಿ ಎರಡು ಪಾಲು ಬೇಡವೆಂದರು. 1971ರಲ್ಲಿ ಸರಿಸುಮಾರು ಅಷ್ಟೇ ಪಾಲು ಗಂಡಸರು ಹೌದೆಂದರು. 'ಜನರ ತೀರ್ಪು' ಎನ್ನುವ ಮುಂಚೆ ಆ ಜನ ಯಾರು ಎಂದು ವಿಚಾರಿಸಿ.

ಎರಡನೆಯ ದಾರಿ, ಜನರನ್ನು ಕೇಳದೆ ಸಂಸತ್ತು ಅಥವಾ ಸರ್ಕಾರ ದಾಟಿ ಹೋಗುವುದು. ನೆದರ್ಲೆಂಡ್ಸ್‌ನಲ್ಲಿ 2016ರ ಏಪ್ರಿಲ್ 6ರಂದು ಉಕ್ರೇನ್ ಜೊತೆಗಿನ ಐರೋಪ್ಯ ಒಪ್ಪಂದಕ್ಕೆ ಶೇ 61ರಷ್ಟು ಜನ ಬೇಡವೆಂದರು. ಸರ್ಕಾರ ಒಕ್ಕೂಟದಿಂದ ಒಂದಿಷ್ಟು ವಿವರಣೆ ಬರೆಸಿಕೊಂಡು ಬಂದು ಮರುವರ್ಷ ಒಪ್ಪಂದಕ್ಕೆ ಅಂಕಿತ ಹಾಕಿಸಿತು. 2018ರಲ್ಲಿ, ಜನರನ್ನು ಕೇಳುವ ಆ ಕಾಯ್ದೆಯನ್ನೇ ರದ್ದು ಮಾಡಿತು! ಗ್ರೀಸಿನಲ್ಲಿ 2015ರ ಜುಲೈ 5ರಂದು ಶೇ 61.3ರಷ್ಟು ಜನ ಸಾಲದಾತರ ಷರತ್ತುಗಳಿಗೆ ಬೇಡವೆಂದರು. ಜುಲೈ 13ರಂದು ಪ್ರಧಾನಿ ಸಿಪ್ರಾಸ್ ಇನ್ನೂ ಕಠಿಣವಾದ ಷರತ್ತುಗಳಿಗೆ ತಲೆಬಾಗಿದರು. ಇಲ್ಲಿಗೇ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದು ಅದೇ ಸಿಪ್ರಾಸ್ ಮತ್ತೆ ಗೆದ್ದರು. ಗೆದ್ದ ತೀರ್ಪನ್ನು ಬೀದಿಗೆ ಬಿಟ್ಟವನನ್ನೇ ಜನ ಏಕೆ ಮತ್ತೆ ಆರಿಸಿದರು ಎಂಬುದು ಒಳ್ಳೆಯ ಪ್ರಬಂಧದ ವಿಷಯ.

ಇಟಲಿಯದು ತಮಾಷೆ. 1993ರಲ್ಲಿ ಜನ ಕೃಷಿ ಸಚಿವಾಲಯವೇ ಬೇಡವೆಂದು ಮತ ಹಾಕಿ ಅದನ್ನು ರದ್ದು ಮಾಡಿದರು. ಅದೇ ವರ್ಷ ಸಂಸತ್ತು ಕೃಷಿ, ಆಹಾರ, ಅರಣ್ಯಗಳನ್ನು ಸೇರಿಸಿ ಬೇರೆ ಹೆಸರಿನ ಸಚಿವಾಲಯ ಸೃಷ್ಟಿಸಿತು. ಹೊಸ ಬೋರ್ಡು, ಹಳೆಯ ಕುರ್ಚಿ.

ಮೂರನೆಯದು ನ್ಯಾಯಾಲಯದ ದಾರಿ, ಅಪರೂಪದ್ದು. ವಿವಾಹಿತ ದಂಪತಿಗಳ ಮೇಲೆ ಬೀಳುವ ಹೆಚ್ಚುವರಿ ತೆರಿಗೆಯನ್ನು ತೆಗೆಯಬೇಕೇ ಎಂದು ಸ್ವಿಟ್ಜರ್ಲೆಂಡ್ 2016ರ ಫೆಬ್ರುವರಿಯಲ್ಲಿ ಮತ ಹಾಕಿತು. ಪ್ರಸ್ತಾವ ಕೂದಲೆಳೆಯಲ್ಲಿ ಬಿದ್ದುಹೋಯಿತು. ಇದರಿಂದ ಬಾಧಿತರು 80,000 ದುಡಿಯುವ ದಂಪತಿಗಳು ಎಂದು ಸರ್ಕಾರ ಮತದಾರರಿಗೆ ಹೇಳಿತ್ತು. ಆಮೇಲೆ ಲೆಕ್ಕ ಮಾಡಿದರೆ 4,54,000! ಜನರಿಗೆ ಸರಿಯಾದ ಮಾಹಿತಿ ಇರಲಿಲ್ಲವೆಂದು 2019ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇಡೀ ಮತದಾನವನ್ನೇ ಅನೂರ್ಜಿತಗೊಳಿಸಿತು. ಪ್ರಚಾರದಲ್ಲಿ ಸುಳ್ಳು ಹೇಳಿದರು, ಆದ್ದರಿಂದ ತೀರ್ಪು ಬಿದ್ದುಹೋಗಬೇಕು ಎಂದು ವಾದಿಸುವವರು ಈ ಪ್ರಕರಣವನ್ನು ಬಳಸಿ. ಆದರೆ ಇಲ್ಲಿ ತಪ್ಪು ಅಂಕಿ ಕೊಟ್ಟದ್ದು ಸರ್ಕಾರವೇ ಹೊರತು ಯಾವುದೋ ಪಕ್ಷವಲ್ಲ ಎಂಬ ವ್ಯತ್ಯಾಸವನ್ನು ಎದುರಾಳಿ ಹಿಡಿಯುತ್ತಾನೆ, ಉತ್ತರ ಸಿದ್ಧವಿರಲಿ.

ವೇದಿಕೆ ಹತ್ತುವವರಿಗೆ ಒಂದೆರಡು ಮಾತು

ತೀರ್ಪು ಅಂತಿಮ ಎಂದು ವಾದಿಸುವವರನ್ನು ಸಿಕ್ಕಿಸಲು ಒಂದೇ ಪ್ರಶ್ನೆ ಸಾಕು: 1975ರ ಜೂನ್ 5ರಂದು ಬ್ರಿಟನ್ನಿನ ಜನ ಶೇ 67 ಮತಗಳಿಂದ ಐರೋಪ್ಯ ಸಮುದಾಯದಲ್ಲೇ (ಇಂದಿನ ಒಕ್ಕೂಟದ ಹಿಂದಿನ ರೂಪ) ಇರುತ್ತೇವೆ ಎಂದಿದ್ದರಲ್ಲ, ಅದು ಅಂತಿಮವಾಗಿದ್ದರೆ 2016 ಎಲ್ಲಿಂದ ಬಂತು? ಎದುರು ಪಕ್ಷದವರನ್ನು ಸಿಕ್ಕಿಸಲೂ ಒಂದು ಸಂಗತಿ ಇದೆ. 2019ರ ಡಿಸೆಂಬರ್ ಚುನಾವಣೆಗೆ ಲಿಬರಲ್ ಡೆಮಾಕ್ರಟ್ ಪಕ್ಷ, ನಮಗೆ ಬಹುಮತ ಬಂದರೆ ಮತ್ತೊಂದು ಮತದಾನವಿಲ್ಲದೆ ಒಕ್ಕೂಟ ಬಿಡುವ ನೋಟಿಸನ್ನೇ ಹಿಂತೆಗೆಯುತ್ತೇವೆ ಎಂಬ ಭರವಸೆಯೊಂದಿಗೆ ಹೋಯಿತು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ದೋಷವಿರಲಿಲ್ಲ. ಸಿಕ್ಕಿದ್ದು 11 ಸ್ಥಾನ, ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಜನರನ್ನು ಕೇಳಿ ಪಡೆದದ್ದನ್ನು ಜನರನ್ನು ಕೇಳದೆ ತೆಗೆಯುತ್ತೇವೆ ಎಂದು ಮತ ಕೇಳಲು ಹೋಗುವುದು ಎಷ್ಟು ಕಷ್ಟ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನನ್ನ ಬಳಿ ಇಲ್ಲ.

ನಮ್ಮ ದೇಶದ ಮಾತು ಬಂದೇ ಬರುತ್ತದೆ

ತೀರ್ಪುಗಾರರು ಕೊನೆಗೆ ಭಾರತದ ಬಗ್ಗೆ ಕೇಳುತ್ತಾರೆ. ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಜಾಗವೇ ಇಲ್ಲ. 368ನೇ ವಿಧಿಯ ಪ್ರಕಾರ ತಿದ್ದುಪಡಿ ಸಂಸತ್ತಿನ ಕೆಲಸ. ತುರ್ತು ಪರಿಸ್ಥಿತಿಯ ನಂತರ ಜನತಾ ಸರ್ಕಾರ, ಸಂವಿಧಾನದ ಮೂಲ ಲಕ್ಷಣಗಳನ್ನು ಮುಟ್ಟುವುದಾದರೆ ಜನಮತಗಣನೆ ಕಡ್ಡಾಯ ಎಂಬ ಅಂಶವನ್ನು 1978ರ ಮಸೂದೆಯಲ್ಲಿ ಇಟ್ಟಿತ್ತು. ರಾಜ್ಯಸಭೆ ಅದನ್ನು ಕಿತ್ತುಹಾಕಿತು. ಉಳಿದದ್ದು 44ನೇ ತಿದ್ದುಪಡಿಯಾಯಿತು.

ಹಾಗೆಂದು ಇಲ್ಲಿ ಜನರನ್ನು ಕೇಳಿಯೇ ಇಲ್ಲ ಎನ್ನಬೇಡಿ. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೇ ಎಂದು 1967ರ ಜನವರಿ 16ರಂದು ಮತ ತೆಗೆದುಕೊಂಡರು. ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಿತ್ತು. ವಿಲೀನಕ್ಕೆ ಹೂವಿನ ಗುರುತು, ಬೇರೆಯಾಗಿರುವುದಕ್ಕೆ ಎರಡೆಲೆಯ ಗುರುತು. ವಿಲೀನವನ್ನು ಬಯಸುತ್ತಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರ ಅವರ ಸರ್ಕಾರ, ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು ರಾಜೀನಾಮೆ ಕೊಟ್ಟು ಪಕ್ಕಕ್ಕೆ ಸರಿದಿತ್ತು. ಎರಡೆಲೆ 34,021 ಮತಗಳ ಅಂತರದಲ್ಲಿ ಗೆದ್ದಿತು. ಕೆಲವೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅದೇ ಬಾಂದೋಡಕರ ಮತ್ತೆ ಗೆದ್ದು ಮುಖ್ಯಮಂತ್ರಿಯಾದರು. ಸೋತ ವಿಲೀನವನ್ನು ಮಾತ್ರ ತರಲಾಗಲಿಲ್ಲ. 1987ರ ಮೇ 30ರಂದು ಗೋವಾ ರಾಜ್ಯವಾಯಿತು. ಮತಪತ್ರದಲ್ಲಿ ಆ ಆಯ್ಕೆ ಇರಲೇ ಇಲ್ಲ. ಜನ ಆರಿಸಿದ್ದು ಕೇಂದ್ರಾಡಳಿತವನ್ನು, ಇಪ್ಪತ್ತು ವರ್ಷದ ನಂತರ ಅದು ಇಲ್ಲವಾಯಿತು, ಮತ್ತೆ ಯಾರೂ ಮತ ಕೇಳಲಿಲ್ಲ. ತೀರ್ಪು ಮಗುಚಿತೇ? ಮಗುಚಲಿಲ್ಲ ಎಂಬುದು ನನ್ನ ಅಭಿಪ್ರಾಯ. ಗೋವಾ ತನ್ನದೇ ಆಗಿ ಉಳಿಯಬೇಕೆಂಬುದು ಜನ ಕೊಟ್ಟ ಉತ್ತರದ ತಿರುಳು, ರಾಜ್ಯದ ಸ್ಥಾನ ಅದನ್ನು ಗಟ್ಟಿ ಮಾಡಿತು. ಒಪ್ಪದವರು ವಾದಿಸಿ, ಪ್ರಶ್ನೆಯ ಒಕ್ಕಣೆಯನ್ನು ಮುಂದಿಟ್ಟುಕೊಂಡು ವಾದಿಸಿ.

ಕಾನೂನಿನ ಮಟ್ಟಿಗೆ ಹೇಳುವುದಾದರೆ, ಸಂವಿಧಾನದ 3ನೇ ವಿಧಿಯಡಿ ಸಂಸತ್ತು ಸರಳ ಬಹುಮತದಿಂದ ಯಾವ ರಾಜ್ಯದ ಗಡಿಯನ್ನಾದರೂ ಬದಲಿಸಬಹುದು. ಆ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಕೇಳಿದ ಅಭಿಪ್ರಾಯದಂತೆ ನಡೆಯಬೇಕೆಂದಿಲ್ಲ. 1967ರ ಮತದಾನ ಅದಕ್ಕೆ ಅಡ್ಡ ಬರುವುದಿಲ್ಲ. ಹಾಗಿದ್ದರೂ ಗೋವಾದ ಆ ತೀರ್ಪನ್ನು ಮುಟ್ಟುವ ಮಾತನ್ನು ಇಂದು ಯಾವ ದೊಡ್ಡ ಪಕ್ಷವೂ ಎತ್ತುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಎಳೆದ ಆ ಎರಡು ಕಾಲಂ ಇಲ್ಲಿಯೂ ಬೇಕು.

ಹರಪನಹಳ್ಳಿಯಿಂದ ಬರುವ ಹುಡುಗಿ ತನ್ನ ತಾಲ್ಲೂಕಿನ ಪ್ರಶ್ನೆ ತೆಗೆಯದೆ ಬಿಡುವುದಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯಿಂದ ಇತ್ತ ಬಂದ ತಾಲ್ಲೂಕು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. "ನಮ್ಮಪ್ಪ ಮನೆ ಬದಲಿಸದೆ ಮೂರು ಜಿಲ್ಲೆ ನೋಡಿದರು, ಒಂದು ಸಲವೂ ಮತ ಕೇಳಲಿಲ್ಲ, ಇದನ್ನು ಮಗುಚುವುದು ಹೇಗೆ ಮೇಡಂ?" ಎಂಬುದು ಅವಳ ಪ್ರಶ್ನೆ. ಇಲ್ಲಿ ಮಗುಚಲು ಜನರ ತೀರ್ಪೇ ಇಲ್ಲ, ಇರುವುದು ಸರ್ಕಾರದ ಅಧಿಸೂಚನೆ. ಸರ್ಕಾರ ಕರಡು ಹೊರಡಿಸಿದಾಗ ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತದೆ. ಮುಂದಿನ ಸಲ ಆ ಅವಧಿಯೊಳಗೆ ಕಾರಣ ಸಮೇತ ಬರೆದು ಸಲ್ಲಿಸಿ, ಸ್ವೀಕೃತಿ ಪತ್ರ ಪಡೆದುಕೊಂಡು ಬಾ ಎಂದು ಹೇಳಿದ್ದೇನೆ.